ವಲೇರಿಯನ್ ಹೇಳಲು ಬಂದ ಮಾತು

ಆಫ್ರಿಕಾದ ರುಂಡಾ ಬಡಾವಣೆಯ ಲೀಲಾಳ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಕೊರಿಯನ್ ಸಿನಿಮಾ ಹಾಕಿದ್ದರು. ಕನ್ನಡದ ನಾಲ್ಕಾರು ಮನೆಯವರು ಸೇರಿದ್ದರು. ಮಗನನ್ನು ನದಿಯಲ್ಲಿ ಕಳೆದುಕೊಂಡ ತಾಯಿಯ ಕತೆ ಅದು. ದೋಣಿ ನಡೆಸುತ್ತಿದ್ದವನು ದಿನವೂ ಬಂದು ಅವಳ ಬಾಗಿಲು ತಟ್ಟುತ್ತಾನೆ, ಅವಳು ತೆರೆಯುವುದಿಲ್ಲ. ಇಂಥ ಕತೆಯೆಂದು ಮೊದಲೇ ಗೊತ್ತಿದ್ದರೆ ಜಾಹ್ನವಿ ಬರುತ್ತಲೇ ಇರಲಿಲ್ಲ. ತೆರೆಯ ಮೇಲೆ ಬಾಗಿಲು ಸದ್ದಾದಾಗಲೆಲ್ಲ ಅವಳು ಮುಖ ಬೇರೆಡೆ ತಿರುಗಿಸುತ್ತಿದ್ದಳು.

ಅಷ್ಟರಲ್ಲಿ ಹಿಂದೆ ಯಾರೋ ಅಳುವುದು ಕೇಳಿಸಿತು. ತಿರುಗಿ ನೋಡಿದರೆ ವಲೇರಿಯನ್, ಒಂದು ಕಾಲದಲ್ಲಿ ಅವಳ ಮನೆಯವರ ಸ್ನೇಹಿತ. ತಡವಾಗಿ ಬಂದು ಮೂಲೆಯಲ್ಲಿ ಕೂತಿದ್ದ.

ಎರಡು ವರ್ಷದ ಹಿಂದೆ, ಈಜು ಕ್ಲಾಸಿನಿಂದ ಅವಳ ಮಗಳು ಅಮೂಲ್ಯಳನ್ನು ಕರೆತರುತ್ತಿದ್ದಾಗ, ಸ್ಪ್ರಿಂಗ್ ವ್ಯಾಲಿಯ ಇಳಿಜಾರಿನಲ್ಲಿ ಅವನ ಕಾರು ಮಗುಚಿತ್ತು. ಅವನು ಬದುಕಿದ, ಮಗು ಉಳಿಯಲಿಲ್ಲ. ಅಂದಿನಿಂದ ಜಾಹ್ನವಿ ಅವನ ಫೋನನ್ನು ಎತ್ತಿರಲಿಲ್ಲ. ಜನ ಸಿಟ್ಟು ಅಂದುಕೊಂಡರು. ಸಿಟ್ಟಿತ್ತು, ನಿಜ, ಅದಕ್ಕಿಂತ ಹೆದರಿಕೆ ಹೆಚ್ಚಿತ್ತು. ಕೊನೆಗಳಿಗೆಯಲ್ಲಿ ಮಗು ಅಮ್ಮನನ್ನು ಕರೆಯಿತೇ, ನರಳಿತೇ ಎಂದು ಬಲ್ಲವನು ಲೋಕದಲ್ಲಿ ಅವನೊಬ್ಬನೇ.

ಜಾಹ್ನವಿ ಎದ್ದು ಸರಸರ ಹೊರಗೆ ನಡೆದಳು. ಗೇಟು ತೆಗೆಯಲು ಕಾವಲಿನವನಿಗೆ ಕೈ ಬೀಸಿದಳು. ಕಾರಿನ ಕೀ ಕೈಜಾರಿ ಬಿತ್ತು. ಬಗ್ಗಿ ಹುಡುಕುವಾಗ ಹಿಂದೆ ಜಲ್ಲಿಯ ಮೇಲೆ ಹೆಜ್ಜೆಯ ಸದ್ದು.

“ಕ್ಷಮೆ ಕೇಳ್ಲಿಕ್ಕೆ ಬಂದದ್ದಲ್ಲ,” ಎಂದ ವಲೇರಿಯನ್. ಅಷ್ಟು ದೂರದಲ್ಲೇ ನಿಂತಿದ್ದ. “ಒಂದು ಮಾತುಂಟು. ಬೇಡ ಅಂದ್ರೆ ಹೋಗ್ತೇನೆ.”

ಅವಳು ಕೀ ಎತ್ತಿಕೊಂಡಳು, ಆದರೆ ಕಾರಿನ ಬಾಗಿಲು ತೆರೆಯಲಿಲ್ಲ.

“ಪೊಲೀಸರ ಹತ್ರ, ಮಳೆಗೆ ಕಾರು ಜಾರಿತು ಅಂದೆ. ಸುಳ್ಳು. ಅಮ್ಮನ ದೋಸೆ ಆಫ್ರಿಕಾ ಮ್ಯಾಪಿನ ಹಾಗೆ ಇರ್ತದೆ ಅಂತ ಅಮೂಲ್ಯ ಹೇಳಿದಳು. ನಾನು ನಗ್ತಾ ಹಿಂದೆ ತಿರುಗಿದೆ. ಅಷ್ಟೇ. ಅವಳೂ ನಗ್ತಾ ಇದ್ದಳು. ಹೆದರ್ಲಿಕ್ಕೆ ಅವಳಿಗೆ ಸಮಯವೇ ಸಿಗಲಿಲ್ಲ.”

ಜಾಹ್ನವಿ ಕಾರಿಗೆ ಒರಗಿ ನೆಲದಲ್ಲೇ ಕುಳಿತಳು. ಇವನ ಕತ್ತು ಹಿಸುಕಬೇಕೆನಿಸಿತು. ಮರುಕ್ಷಣವೇ ಮಗಳ ನಗು ಕಿವಿಗೆ ಬಿದ್ದಂತಾಗಿ, ಇವನು ಹೊರಟರೆ ಅದೂ ಹೊರಟುಹೋದೀತೆಂದು ಹೊಸ ಭಯ ಹುಟ್ಟಿತು.

“ನಿಮ್ಮನ್ನ ಕ್ಷಮಿಸೋಕೆ ನನ್ ಕೈಲಿ ಆಗಲ್ಲ,” ಎಂದಳು.

ಅವನು ತಲೆಯಾಡಿಸಿ ಗೇಟಿನತ್ತ ತಿರುಗಿದ.

“ವಲೇರಿಯನ್, ಹೋಗ್ಬೇಡಿ. ದಾರೀಲಿ ಇನ್ನೇನೇನು ಮಾತಾಡಿದ್ಲು? ಮೊದಲಿಂದ ಹೇಳಿ.”

ಅವನು ನಿಂತಲ್ಲೇ ಜಲ್ಲಿಯ ಮೇಲೆ ಕುಳಿತು, ಈಜುಕೊಳದ ಬಾಗಿಲಿನಿಂದ ಶುರುಮಾಡಿದ. ಜಾಹ್ನವಿ ಮೊಣಕಾಲುಗಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಕೇಳುತ್ತಾ ಹೋದಳು.