ಕುರ್ಚಿಯ ಔಷಧ

ಹೊಲಗೇರಿಯವನೆಂದು ಯಂಕಣ್ಣ ಮಾಸ್ತರನ ಕುರ್ಚಿಯನ್ನು ಶಾಲೆಯ ಮಾಸ್ತರರ ಕೋಣೆಯಿಂದ ತೆಗೆದು ಹೊರಗಿನ ಕಟ್ಟೆಗೆ ಹಾಕಿದರು.

ಅಂದಿನಿಂದ ಆ ಕೋಣೆಯ ಬಾಗಿಲು ಕಂಡರೆ ಸಾಕು, ಅವನ ಎದೆ ಡವಗುಟ್ಟುತ್ತಿತ್ತು, ಅಂಗೈ ಬೆವರುತ್ತಿತ್ತು, ಈಗಲೇ ಸತ್ತೆ ಅನ್ನಿಸುತ್ತಿತ್ತು. ಧಾರವಾಡದ ಡಾಕ್ಟರು ಎದೆಗೆ ನಳಿಗೆಯಿಟ್ಟು ಕೇಳಿ ನಕ್ಕರು.

"ಎದಿ ಛಲೋ ಐತ್ರಿ ಮಾಸ್ತರ. ಇದು ಅಂಜಿಕಿ ಬ್ಯಾನಿ. ಎಲ್ಲಿ ಅಂಜಿಕಿ ಬರತೈತಿ, ಅಲ್ಲೇ ಹೋಗಿ ಕೂಡ್ರಿ. ಅದು ಇಳಿಯೂತನಕ ಏಳಬ್ಯಾಡ್ರಿ."

ಮರುದಿನ ಯಂಕಣ್ಣ ನಡುಗುತ್ತಲೇ ಒಳಗೆ ಹೋಗಿ ಹೆಡ್‌ಮಾಸ್ತರ ಗುರುಸಿದ್ದಯ್ಯನವರ ಪಕ್ಕದಲ್ಲೇ ಕುಳಿತ. ಅವರು ಧಡಕ್ಕನೆ ಎದ್ದು ನಿಂತರು. ಹಣೆ ಬೆವರಿತು, ಉಸಿರು ಮೇಲೆ ಕೆಳಗಾಯಿತು. ಆ ಲಕ್ಷಣಗಳ ಗುರುತು ಯಂಕಣ್ಣನಿಗೆ ಚೆನ್ನಾಗಿ ಇತ್ತು.

"ಏಳಲೇ ಯಂಕ್ಯಾ, ಹೊರಗ ನಡಿ."

"ನಿಮಗೂ ಇದ ಬ್ಯಾನಿ ಐತ್ರಿ ಸರ. ನನ್ನ ಬಾಜೂಕ ಕೂಡ್ರಿ, ಇಳಿತೈತಿ. ನಾ ಅಂತೂ ಏಳೂದಿಲ್ರಿ."