ಮೇಲಿನ ಗ್ಯಾಲರಿಯ ಸಿಳ್ಳೆ

"ಡೈರೆಕ್ಟರ್ ಸಾಹೇಬ್ರು ಮೇಲ್ಗಡೆ ಗ್ಯಾಲರಿಗಾ?" ಟಿಕೆಟ್ ಹರಿಯುತ್ತಿದ್ದವನು ನಕ್ಕ. "ಹೋದ್ವರ್ಷ ಆ ಹುಡುಗ್ರು ಸಿಳ್ಳೆ ಹೊಡ್ದು ನಿಮ್ ಪಿಕ್ಚರ್‌ನ ಅರ್ಧಕ್ಕೇ ಮುಗಿಸಿದ್ರಲ್ಲ, ಮರ್ತೋಯ್ತಾ?"

ಅರ್ಗಿರಿಸ್ ಮರೆತಿರಲಿಲ್ಲ. ಅದಕ್ಕೇ ಹತ್ತುತ್ತಿದ್ದ. ಗ್ರೀಸಿನ ಥೆಸಲೊನೀಕಿಯ ಚಿತ್ರೋತ್ಸವದಲ್ಲಿ ಬಹುಮಾನ ಕೊಡುವ ದೊಡ್ಡವರು ಕೆಳಗೆ ಕೂರುತ್ತಿದ್ದರು, ನಿಜವಾದ ತೀರ್ಪು ಮೇಲಿನ ವಿದ್ಯಾರ್ಥಿಗಳದು. ಇಲ್ಲಿ ಸಿಳ್ಳೆ ಮೆಚ್ಚುಗೆಯದಲ್ಲ, ಮಾನ ಕಳೆಯುವಂಥದು. ಒಬ್ಬ ಶುರು ಮಾಡಿದರೆ ಸಾಕು, ಗ್ಯಾಲರಿಯೆಲ್ಲ ಸೇರಿಕೊಳ್ಳುತ್ತಿತ್ತು. ಈ ಸಂಜೆ ಶುರು ಮಾಡುವವನು ತಾನೇ ಎಂದು ಅರ್ಗಿರಿಸ್ ತೀರ್ಮಾನಿಸಿದ್ದ.

ಚಿತ್ರ ಫೋತಿಸ್‌ನದು. ಅರ್ಗಿರಿಸ್‌ನ ಹಾಸ್ಯಚಿತ್ರಗಳಲ್ಲಿ ಕ್ಯಾಮೆರಾ ಹೊತ್ತುಕೊಂಡು ತಿರುಗುತ್ತಿದ್ದ ಫೋತಿಸ್. ಈಗ ಟೀವಿ ಬಂದು ಅರ್ಗಿರಿಸ್‌ನ ಚಿತ್ರಗಳಿಗೆ ನೊಣವೂ ಬರುತ್ತಿರಲಿಲ್ಲ. ಅಥೆನ್ಸಿನ ಪತ್ರಿಕೆಗಳು ಮಾತ್ರ ಗ್ರೀಕ್ ಸಿನಿಮಾ ಫೋತಿಸ್‌ನಿಂದಲೇ ಹುಟ್ಟಿತೇನೋ ಎಂಬಂತೆ ಬರೆಯುತ್ತಿದ್ದವು. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದರೆ, ಅವ್ವ ಎವಾಂಥಿಯಾ ಹೊಸ ಕಪ್ಪು ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು.

"ಫೋತಿಸ್ ಟಿಕೆಟ್ ಕಳ್ಸಿದಾನೆ. ನೀನೂ ಬಾ, ನನ್ ಪಕ್ಕ ಕೂತ್ಕೋ. ಒಂದ್ ವಿಷ್ಯ ಐತೆ, ಈಗ್ಲೇ ಹೇಳಾಕಿಲ್ಲ."

"ನನ್ ಒಂದು ಪಿಕ್ಚರಿಗಾದ್ರೂ ಹಿಂಗೆ ಹೊರಟಿದ್ಯಾ ನೀನು?"

"ನೀನು ಕರ್ದಿದ್ರೆ ತಾನೆ ಮಗಾ?"

ಅವನು ಅರ್ಧ ಊಟದಲ್ಲೇ ಎದ್ದು ಬಂದಿದ್ದ.

ದೀಪ ಆರಿತು. ತೆರೆಯ ಬೆಳಕಿನಲ್ಲಿ, ಕೆಳಗೆ ಮೂರನೆಯ ಸಾಲಿನಲ್ಲಿ ಫೋತಿಸ್, ಪಕ್ಕದಲ್ಲಿ ಅವ್ವನ ಬಿಳಿಯ ತಲೆ. ತೆರೆಯ ಮೇಲೆ ಎರಡು ಮುದಿ ಕೈಗಳು ಹಿಟ್ಟು ನಾದುತ್ತಿದ್ದವು. ನಾದಿದವು, ಮಡಿಸಿದವು, ಮತ್ತೆ ನಾದಿದವು. ಕ್ಯಾಮೆರಾ ಅಲ್ಲಾಡಲೇ ಇಲ್ಲ.

"ಅಜ್ಜೀ, ಬೇಗ ಬೇಯ್ಸಿ, ಹಸಿವಾಗ್ತಿದೆ," ಯಾರೋ ಕೂಗಿದರು. ಗ್ಯಾಲರಿ ನಕ್ಕಿತು. ಇದೇ ಸಮಯವೆಂದು ಅರ್ಗಿರಿಸ್ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಒಂದು ಉದ್ದ, ಎರಡು ಗಿಡ್ಡ. ಬೇರೆ ಥರ ಸಿಳ್ಳೆ ಹಾಕುವುದು ಅವನಿಗೆ ಬರುತ್ತಲೇ ಇರಲಿಲ್ಲ. ಚಿಕ್ಕಂದಿನಿಂದ ಬೀದಿಯಲ್ಲಿ ನಿಂತು ಹೀಗೇ ಹೊಡೆಯುತ್ತಿದ್ದ, ಅದನ್ನು ಕೇಳಿ ಅವ್ವ ಮೂರನೆಯ ಮಹಡಿಯಿಂದ ಬೀಗದ ಕೈ ಎಸೆಯುತ್ತಿದ್ದಳು.

ಗ್ಯಾಲರಿಯೆಲ್ಲ ಸಿಳ್ಳೆಯಾಯಿತು. ಆಗ ಕ್ಯಾಮೆರಾ ನಿಧಾನವಾಗಿ ಕೈಗಳಿಂದ ಮೇಲೇರಿತು. ಹಿಟ್ಟು ಮೆತ್ತಿದ ಗಲ್ಲ, ದಣಿದ ಕಣ್ಣು. ಅವ್ವ.

"ಇನ್ನೊಂದ್ ಹೊಡಿ ಅಣ್ಣಾ, ಚೆನ್ನಾಗ್ ಹೊಡಿತೀಯ," ಪಕ್ಕದವನು ಭುಜ ತಟ್ಟಿದ.

ಬೆರಳು ಇನ್ನೂ ಬಾಯಲ್ಲೇ ಇತ್ತು. ಕೆಳಗೆ ಮೂರನೆಯ ಸಾಲಿನಲ್ಲಿ ಅವ್ವ ಎದ್ದು ನಿಂತಿದ್ದಳು. ಫೋತಿಸ್ ಕೈಹಿಡಿದು ಕೂರಿಸಲು ನೋಡುತ್ತಿದ್ದ. ಅವಳು ಗ್ಯಾಲರಿಯ ಕತ್ತಲೆಯತ್ತ ಮುಖವೆತ್ತಿ ಹುಡುಕುತ್ತಿದ್ದಳು. ಒಂದು ಕೈ ಮಾತ್ರ, ಅಭ್ಯಾಸಬಲದಿಂದ, ಹೊಸ ಉಡುಪಿನ ಜೇಬಿನಲ್ಲಿ ಬೀಗದ ಕೈಗಾಗಿ ತಡಕಾಡುತ್ತಿತ್ತು.