ವಿಶಾಲನ ಕೋಳಿಗಳು

ಕಾಗವಾಡದಿಂದ ಮಿರಜಿಗೆ ಹೋಗುವ ರಸ್ತೆಯಲ್ಲಿ ಕಬ್ಬಿನ ಟ್ರಾಲಿಗೆ ಬೈಕು ಗುದ್ದಿ ವಿಶಾಲ ತೀರಿಕೊಂಡ ಮೇಲೆ, ಅವನ ಕೋಳಿಗಳ ಬಗ್ಗೆ ಯಾರೂ ವಿಚಾರ ಮಾಡಲಿಲ್ಲ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಕೋಳಿ ಶೆಡ್ಡಿನ ಕೆಲಸಕ್ಕಿದ್ದ ದುರಗಪ್ಪ ಉಳಿದ ಕಾಳನ್ನೆಲ್ಲ ತೊಟ್ಟಿಗಳಿಗೆ ಸುರಿದು, ಕೀಲಿಯನ್ನು ಮನೆಗೆ ಕೊಟ್ಟು ತನ್ನೂರಿಗೆ ಹೋದ. ಚಿಕ್ಕೋಡಿ ಕೋರ್ಟಿನಲ್ಲಿ ವಕೀಲನಾಗಿದ್ದ ಅಣ್ಣ ಶಿವರಾಜ, ದುರಗಪ್ಪ ಇನ್ನೂ ಇದ್ದಾನೆಂದೇ ತಿಳಿದಿದ್ದ. ಅಪ್ಪ ಧರೆಪ್ಪನೋ, ಶಿವರಾಜ ಕೋಳಿಗಳನ್ನು ಮಾರಿಬಿಟ್ಟಿದ್ದಾನೆಂದು ತಿಳಿದು, ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೀಲಿ ಇದ್ದದ್ದು ವಿಶಾಲನ ಹೆಂಡತಿ ಸೀಮಾಳ ಹತ್ತಿರ.

ಸಾವಿತ್ರೆವ್ವನ ಮನೆ ವಿಶಾಲನ ಮನೆಯವರ ದ್ರಾಕ್ಷಿ ತೋಟದ ಆಚೆಗಿತ್ತು. ಗಂಡ ಕಾಮಣ್ಣ ಕುರಿ ಕಾಯುವವನು, ಅವಳ ಪಾಲಿಗೆ ನಾಲ್ಕಾರು ಆಡು ಮತ್ತು ಒಂದು ತುಂಡು ಹೊಲ. ಆಡು ಹೊಡೆದುಕೊಂಡು ಶೆಡ್ಡಿನ ಬದಿಯಿಂದಲೇ ಅವಳು ದಿನವೂ ಹೋಗಬೇಕು. ಕೋಳಿಗಳ ಕಲಕಲ ಕಬ್ಬಿನಾಚೆಗೂ ಕೇಳುತ್ತಿತ್ತು. ವಿಶಾಲ ಸತ್ತ ಮೇಲೂ, ಹೊತ್ತು ಇಳಿಯುವಾಗ, ಕಾಳು ಹಾಕುವವರು ಒಳಗೆ ಬಂದರೆ ಹೇಗೆ ಎಲ್ಲವೂ ಒಮ್ಮೆಲೇ ಕೂಗುತ್ತವೋ ಹಾಗೆ ಕೂಗು ಏಳುತ್ತಿತ್ತು. ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಅವಳು ಮುಂದೆ ಹೋಗುತ್ತಿದ್ದಳು. ಬರಬರುತ್ತ ಆ ಕೂಗು ಸಣ್ಣದಾಯಿತು. ಗಾಳಿ ಬೀಸಿದರೆ ವಾಸನೆ ಬರತೊಡಗಿತು.

ಅವಳು ಸೀಮಾಳ ಮನೆಗೆ ಹೋದಳು. ಸೀಮಾ ಕಟ್ಟೆಯ ಮೇಲೆ ಕೂತಿದ್ದಳು, ಶೆಡ್ಡು ಕಾಣುವ ಕಡೆ ಮುಖ ಮಾಡಿ.

"ಯವ್ವಾ ಸೀಮಾ, ಕೋಳಿಗೆ ಕಾಳ ಯಾರ್ ಹಾಕಾಕತ್ತಾರ?"

"ಹಾಕೋರು ಹಾಕ್ತಾರ, ಕಾಕು." ಚಿಕ್ಕಮ್ಮನನ್ನು ಕರೆಯುವ ಹಾಗೆ ಸೀಮಾ ಅವಳನ್ನು ಕಾಕು ಎಂದೇ ಕರೆಯುತ್ತಿದ್ದಳು.

"ವಾಸನಿ ಬರಾಕತ್ತೈತಿ. ಕೀಲಿ ಕೊಡು, ಒಮ್ಮಿ ನೋಡಿ ಬರ್ತೀನಿ."

"ಬ್ಯಾಡ." ಸೀಮಾ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. "ಬಾಗಲಾ ತಗೀಬ್ಯಾಡ. ನೀ ಹೋಗು."

ಸಾವಿತ್ರೆವ್ವ ಹೋದಳು. ದೊಡ್ಡವರ ಮನೆಯ ಸೊಸೆ, ಅದರಲ್ಲೂ ಗಂಡನನ್ನು ಕಳಕೊಂಡವಳು. ಅವಳ ಎದುರು ಏನು ವಾದ ಮಾಡುವುದು? ಆದರೆ ಮರುದಿನ ಹೊತ್ತು ಇಳಿಯುವಾಗ ಶೆಡ್ಡಿನಿಂದ ಸದ್ದೇ ಬರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. ಕಾಮಣ್ಣನನ್ನು ಕರೆತಂದು, ಹಿಂಬದಿಯ ತಂತಿ ಜಾಳಿಗೆಯನ್ನು ಕೀಳಿಸಿ ಒಳಗೆ ಹೊಕ್ಕಳು.

ನೀರು ಮಾತ್ರ ಮೇಲಿನ ಟಾಕಿಯಿಂದ ತಾನಾಗಿಯೇ ತೊಟ್ಟಿಕ್ಕುತ್ತಿತ್ತು. ಅಷ್ಟಕ್ಕೇ ಕೆಲವು ಜೀವ ಹಿಡಿದಿದ್ದವು. ಪಂಜರಗಳಲ್ಲಿ ಸತ್ತವುಗಳ ಮೇಲೆ ಬದುಕಿದವು ನಿಂತಿದ್ದವು. ತೊಟ್ಟಿಯ ತಗಡನ್ನು ಕುಕ್ಕಿ ಕುಕ್ಕಿ ಅವುಗಳ ಕೊಕ್ಕಿನ ತುದಿ ಸವೆದಿತ್ತು. ಸಾವಿತ್ರೆವ್ವ ಕೈ ಹಾಕಿ ಒಂದನ್ನು ಎತ್ತಿದಳು. ಕೈಗೆ ಕೋಳಿ ಬಂದಂತೆ ಅನಿಸಲಿಲ್ಲ, ಒಂದು ಹಿಡಿ ಪುಕ್ಕ ಬಂದಂತೆ ಅನಿಸಿತು. ಎದೆಯ ಎಲುಬು ಕುಡುಗೋಲಿನ ಅಲಗಿನಂತೆ ಬೆರಳಿಗೆ ತಾಗಿತು. ಅದು ಒದ್ದಾಡಲಿಲ್ಲ, ಕೂಗಲಿಲ್ಲ. ಅವಳನ್ನು ದಾಟಿ, ಬಾಗಿಲ ಕಡೆ ನೋಡುತ್ತಿತ್ತು.

"ಇವೇನ್ ಉಳಿಯೂವಲ್ಲ," ಕಾಮಣ್ಣ ತಲೆಗೆ ಸುತ್ತಿದ ಪಟಗಾದ ತುದಿಯನ್ನು ಮೂಗಿಗೆ ಒತ್ತಿಕೊಂಡು ಹೇಳಿದ. "ಸತ್ತವ್ನ ಕೋಳಿ ನಾವ್ ಒಯ್ಯಬಾರ್ದ ನೋಡ."

"ಉಸರ ಐತಿ. ಬುಟ್ಟಿ ತಾ ನೀ."

ಕುರಿಮರಿ ಕೂಡಿಹಾಕುವ ದೊಡ್ಡಿಯನ್ನು ಖಾಲಿ ಮಾಡಿ, ಕಬ್ಬಿನ ಒಣ ರವದಿ ಹಾಸಿ ಅವುಗಳನ್ನು ಇಳಿಸಿದಳು. ನೆಲದ ಮೇಲೆ ಕಾಲಿಟ್ಟೇ ಗೊತ್ತಿಲ್ಲದ ಕೋಳಿಗಳು. ಇಳಿಸಿದಲ್ಲೇ, ಒಂದಕ್ಕೊಂದು ಅಂಟಿಕೊಂಡು, ಪಂಜರದ ಅಳತೆಯಷ್ಟೇ ಜಾಗದಲ್ಲಿ ನಿಂತವು. ಸುತ್ತ ಅಷ್ಟು ಬಯಲಿದ್ದರೂ ಕಾಣದ ಸರಳು ಅವುಗಳನ್ನು ಹಿಡಿದು ನಿಲ್ಲಿಸಿದಂತಿತ್ತು.

ಹಸಿದ ಜೀವಕ್ಕೆ ಹೊಟ್ಟೆ ತುಂಬ ಹಾಕಬಾರದೆಂಬುದು ಅವಳಿಗೆ ಗೊತ್ತಿತ್ತು, ಆದರೂ ಮೊದಲ ದಿನ ಮರುಕ ತಡೆಯಲಾರದೆ ಒಂದಕ್ಕೆ ಜೋಳದ ನುಚ್ಚನ್ನು ಇನ್ನಷ್ಟು ಚೆಲ್ಲಿದಳು. ಅದು ಗಬಗಬ ನುಂಗಿ, ಕುತ್ತಿಗೆಯ ಕಾಳಿನ ಚೀಲ ಕಲ್ಲಿನಂತಾಗಿ ಸತ್ತಿತು. ಆಮೇಲೆ ಅವಳು ಕೈ ಬಿಗಿ ಮಾಡಿದಳು. ಮೊದಲು ಬೆಲ್ಲದ ನೀರು, ಕೊಕ್ಕನ್ನು ಅದರಲ್ಲಿ ಅದ್ದಿ ಅದ್ದಿ. ಆಮೇಲೆ ನುಚ್ಚಿನ ತೆಳ್ಳನೆಯ ಅಂಬಲಿಗೆ ಮಜ್ಜಿಗೆ ಬೆರೆಸಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ. ಹೇನು ಬಿದ್ದವಕ್ಕೆ ಒಲೆಯ ಬೂದಿಯನ್ನು ರೆಕ್ಕೆಯ ಬುಡಕ್ಕೆ ತಿಕ್ಕಿದಳು. ಸುರುಳಿ ಸುತ್ತಿದ ಉಗುರುಗಳನ್ನು ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಚೂರು ಚೂರೇ ಕತ್ತರಿಸಿದಳು. ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಎದೆಯ ಎಲುಬನ್ನು ಸವರಿ ನೋಡುವುದು ಅವಳಿಗೆ ರೂಢಿಯಾಯಿತು. ಇನ್ನೂ ಕೆಲವು ಸತ್ತವು. ಉಳಿದವು ಉಂಡವು.

ಅವುಗಳ ಕಾಲಿಗೆ ಕಸುವು ಬಂದ ಮೇಲೆ ಅದು ಶುರುವಾಯಿತು.

ಹೊತ್ತು ಇಳಿಯುತ್ತಿತ್ತು. ಸಾವಿತ್ರೆವ್ವ ನುಚ್ಚು ಕಲಸುತ್ತ ಕೂತಿದ್ದಳು. ದೊಡ್ಡಿಯಲ್ಲಿ ಒಮ್ಮೆಲೇ ಸದ್ದು ನಿಂತಿತು. ತಲೆ ಎತ್ತಿ ನೋಡಿದರೆ ಎಲ್ಲ ಕೋಳಿಗಳೂ ಒಂದೇ ಕಡೆ ತಿರುಗಿದ್ದವು. ಅವಳ ಕಡೆಗಲ್ಲ, ಕಾಳಿನ ಬುಟ್ಟಿಯ ಕಡೆಗೂ ಅಲ್ಲ; ಶೆಡ್ಡಿನಿಂದ ಬರುವ ಕಾಲುದಾರಿಯ ಕಡೆಗೆ. ಪಂಜರದ ಸರಳಿನಿಂದ ತಲೆ ಹೊರಗೆ ಹಾಕಿದಂತೆ ಕತ್ತುಗಳನ್ನು ಉದ್ದಕ್ಕೆ ಚಾಚಿದ್ದವು. ಆಮೇಲೆ ಎಲ್ಲವೂ ಕೂಡಿ ಕೂಗಿದವು. ದಾರಿಯಲ್ಲಿ ಯಾರೂ ಇರಲಿಲ್ಲ. ಅವುಗಳ ತಲೆಗಳು ಮೆಲ್ಲಗೆ ತಿರುಗುತ್ತ ಹೋದವು, ಯಾರೋ ಆ ದಾರಿಯಿಂದ ಬಂದು, ದೊಡ್ಡಿಯ ಉದ್ದಕ್ಕೂ ನಡೆದು ಹೋದರೆ ತಿರುಗುವ ಹಾಗೆ. ಅಪರಿಚಿತರ ಮೈಮೇಲೆ ಬೀಳುವ ಕಾಮಣ್ಣನ ಕುರಿನಾಯಿ ಎದ್ದು ಬಾಲ ಅಲ್ಲಾಡಿಸಿ ಮತ್ತೆ ಮಲಗಿತು.

ಮರುದಿನವೂ ಹಾಗೇ. ಅದರ ಮರುದಿನವೂ.

"ಅವಕ್ಕ ಆ ಹೊತ್ತ ರೂಢಿ ಐತಿ, ಬ್ಯಾರೆ ಏನಿಲ್ಲ," ಎಂದಳು ಅವಳು.

"ರೂಢಿ ಬರೇ ಹೊತ್ತಿಂದು ಇರತೈತಿ. ಯಾರೂ ಇಲ್ದಲ್ಲಿ ಒಬ್ರು ನಡದ ಹೋಗೋದ ಹೆಂಗ ಕಾಣತೈತಿ ಅವಕ್ಕ?" ಕಾಮಣ್ಣ ಕೇಳಿದ. ಅಂದಿನಿಂದ ಆ ಹೊತ್ತಿಗೆ ಅವನು ಕುರಿಗಳನ್ನು ದೂರಕ್ಕೆ ಹೊಡೆದುಕೊಂಡು ಹೋಗತೊಡಗಿದ. ಸಾವಿತ್ರೆವ್ವನಿಗೆ ಹೋಗಲು ಜಾಗವಿರಲಿಲ್ಲ. ಕೋಳಿಗಳಿಗೆ ಬೆನ್ನು ಮಾಡಿ ಕೂತು ನುಚ್ಚು ಕಲಸುತ್ತಿದ್ದಳು. ಬೆನ್ನಿಗೆ ತಣ್ಣಗೆ ಅನಿಸುತ್ತಿತ್ತು.

ಸುದ್ದಿ ಸೀಮಾಳ ಕಿವಿಗೆ ಬೀಳಲು ತಡವಾಗಲಿಲ್ಲ. ಒಂದು ದಿನ ಅದೇ ಕಾಲುದಾರಿಯಲ್ಲಿ ಬಂದು ದೊಡ್ಡಿಯ ಬೇಲಿಗೆ ನಿಂತಳು. ಜಾಳಿಗೆ ಕಿತ್ತದ್ದಕ್ಕೆ ಬೈಯಲು ಬಂದಿದ್ದಾಳೆಂದು ಸಾವಿತ್ರೆವ್ವ ಎದ್ದು ನಿಂತಳು. ಅಷ್ಟರಲ್ಲಿ ಕೋಳಿಗಳು ಸುಮ್ಮನಾದವು. ಕತ್ತು ಚಾಚಿದವು. ಸೀಮಾ ನಿಂತ ಕಡೆಗೇ ತಿರುಗಿದ್ದವು, ಆದರೆ ಅವಳನ್ನು ನೋಡುತ್ತಿರಲಿಲ್ಲ. ಅವಳ ಎಡಕ್ಕೆ, ಇನ್ನೊಬ್ಬರು ನಿಲ್ಲುವಷ್ಟು ಬಿಟ್ಟು, ಅಲ್ಲಿ ನೋಡುತ್ತಿದ್ದವು.

ಸೀಮಾ ಹೊರಳಿ ನೋಡಲಿಲ್ಲ. ಕಣ್ಣು ಮುಚ್ಚಿ ನಿಂತಳು. ಕೂಗು ಇಳಿದ ಮೇಲೆ ಬೇಲಿ ಹಿಡಿದು ಹಾಗೇ ಕುಸಿದು ಕೂತಳು.

"ಕಾಕು, ಶೆಡ್ಡಿನ್ಯಾಗೂ ಹಿಂಗ ಕೂಗ್ತಿದ್ದೂ. ಅವ್ರು ಹ್ವಾದ ಮ್ಯಾಲೂ. ದಿನಾ ಇದ ಹೊತ್ತಿಗೆ. ಅವ್ರು ಒಳಗ ಹೋದ್ರನ ಹಂಗ ಕೂಗ್ತಾವ, ನಂಗ ಗೊತ್ತೈತಿ. 'ಏನ್ರಿ ಬಾಯಾರ, ಊಟಾ ಮಾಡ್ರಿ' ಅಂತ ಮನಿ ಹೆಣ್ಮಕ್ಕಳಿಗೆ ಅಂದಂಗ ಅವಕ್ಕ ಮಾತಾಡ್ಸಕೋತ ಹೋಗ್ತಿದ್ರು."

"ಮತ್ತ ಬಾಗಲಾ ಯಾಕ ತಗೀಲಿಲ್ಲವ್ವಾ?"

"ತಗದ್ರ? ತಗದ ಮ್ಯಾಲ ಅವ್ರು ಇರಲಿಲ್ಲ ಅಂದ್ರ?"

ಸೀಮಾ ತನ್ನ ಮುಂಗೈಯನ್ನೇ ನೋಡುತ್ತ ಹೇಳಿದಳು, "ಕೂಗು ದಿನಾ ಸಣ್ಣದಾಗಾಕತ್ತಿತ್ತು. ಹಸದ ಸಾಯಾಕತ್ತಾವು ಅಂತ ಗೊತ್ತಿತ್ತ ನಂಗ. ಗೊತ್ತಿದ್ದೂ ಕೇಳಕೋತ ಕುಂತಿದ್ದೆ."

ಅಂದಿನಿಂದ ಸೀಮಾ ದಿನವೂ ಬಂದಳು. ಆ ಹೊತ್ತಿಗೆ ಸ್ವಲ್ಪ ಮುಂಚೆ ಬಂದು, ಬೇಲಿಯ ಹತ್ತಿರ, ಎಡಕ್ಕೆ ಜಾಗ ಬಿಟ್ಟು ನಿಲ್ಲುತ್ತಿದ್ದಳು. ಒಳಗೆ ಬಂದು ಕೋಳಿಯನ್ನು ಮುಟ್ಟುತ್ತಿರಲಿಲ್ಲ. ಸಾವಿತ್ರೆವ್ವ ಚಹಾ ಕೊಟ್ಟರೆ ಕುಡಿಯುತ್ತಿದ್ದಳು. ಒಮ್ಮೊಮ್ಮೆ ನಗುತ್ತಲೂ ಇದ್ದಳು, ಅದನ್ನು ನೋಡಿ ಸಾವಿತ್ರೆವ್ವನಿಗೆ ಅಳುವುದನ್ನು ನೋಡಿದ್ದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಕೋಳಿಗಳು ಮಾತ್ರ ಚೇತರಿಸಿಕೊಳ್ಳುತ್ತಿದ್ದವು. ಬಿಳಿಚಿದ ಜುಟ್ಟುಗಳಲ್ಲಿ ರಕ್ತ ಆಡಿತು. ಬೋಳು ಕತ್ತಿನಲ್ಲಿ ಹೊಸ ಪುಕ್ಕದ ಮೊಳಕೆ ಎದ್ದಿತು. ಎಲ್ಲಕ್ಕಿಂತ ಸೊರಗಿದ್ದ ಒಂದು ಕೋಳಿ ಒಂದು ಮುಂಜಾನೆ ಗುಂಪಿನಿಂದ ಹೊರಗೆ ಕಾಲಿಟ್ಟು, ನೆಲವನ್ನು ಒಮ್ಮೆ ಕೆರೆಯಿತು. ತಾನು ಮಾಡಿದ ಸದ್ದಿಗೆ ತಾನೇ ಬೆಚ್ಚಿತು. ಮತ್ತೆ ಕೆರೆಯಿತು. ಕೆಲವು ದಿನಗಳಲ್ಲಿ ಎಲ್ಲವೂ ತಿಪ್ಪೆಯ ತನಕ ಹೋಗಿ ಹುಳ ಹೆಕ್ಕತೊಡಗಿದವು, ಧೂಳಿನಲ್ಲಿ ಹೊರಳಿದವು, ಬೇವಿನ ಕೆಳಗಿನ ಕೊಂಬೆಗೆ ಹಾರಲು ಹೋಗಿ ಬಿದ್ದವು. ಹೊತ್ತು ಇಳಿಯುವಾಗ ಕತ್ತು ಚಾಚುವವು ಕಡಿಮೆಯಾದವು.

ಒಂದು ದಿನ ಯಾವುದೂ ತಲೆ ಎತ್ತಲಿಲ್ಲ.

ಸೀಮಾ ಬೇಲಿಯ ಬಳಿ ಕಾದಳು. ನೆರಳು ಉದ್ದವಾಯಿತು. ಕೋಳಿಗಳು ತಿಪ್ಪೆ ಕೆದರುತ್ತಲೇ ಇದ್ದವು. ಅವಳು ಬೇಲಿ ಸರಿಸಿ ಒಳಗೆ ನುಗ್ಗಿ ಒಂದನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ, ಅದರ ಮುಖವನ್ನು ದಾರಿಯ ಕಡೆ ತಿರುಗಿಸಿದಳು. "ನೋಡ, ಅಲ್ಲಿ ನೋಡ!" ಕೋಳಿ ಕಿರುಚಿ ರೆಕ್ಕೆ ಬಡಿಯಿತು.

"ಬಿಡವ್ವಾ ಸೀಮಾ, ಅದರ ಎಲಬ ಇನ್ನಾ ಗಟ್ಟಿ ಆಗಿಲ್ಲ."

"ಏನ್ ತಿನ್ನಸಿದಿ ಇವಕ್ಕ? ಏನ್ ತಿನ್ನಿಸಿ ಮರಸಿದಿ?" ಸೀಮಾ ಕೂಗಿದಳು. "ನೀ ತರೂತನಕಾ ಅವ್ರು ಇದ್ರು!"

ಸಾವಿತ್ರೆವ್ವ ಮೆಲ್ಲಗೆ ಅವಳ ಬೆರಳುಗಳನ್ನು ಬಿಡಿಸಿ ಕೋಳಿಯನ್ನು ತಗೊಂಡಳು. ಹಾರಿ ಹೋಗಲು ಬಿಡಲಿಲ್ಲ. ಸೀಮಾಳ ಕೈ ಹಿಡಿದು ಅದರ ಎದೆಯ ಕೆಳಗೆ ಇಟ್ಟಳು. ಅಲ್ಲಿ ಈಗ ಎಲುಬಿನ ಎರಡೂ ಬದಿಗೆ ಮಾಂಸ ತುಂಬಿತ್ತು. ಒಳಗೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸೀಮಾ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ, "ನನ್ನ ಜೋಡಿ ಬರ್ತಿ ಏನ್ ಕಾಕು?" ಎಂದಳು. ಸಾವಿತ್ರೆವ್ವ ಕೋಳಿಯನ್ನು ಕೆಳಗಿಳಿಸಿ ಅವಳ ಜೊತೆ ಶೆಡ್ಡಿನ ಕಡೆ ನಡೆದಳು.

ಸೆರಗಿನ ಗಂಟು ಬಿಚ್ಚಿ ಸೀಮಾಳೇ ಕೀಲಿ ತೆಗೆದಳು. ಸತ್ತವುಗಳನ್ನು ಕಾಮಣ್ಣ ಆಗಲೇ ಹೂತಿದ್ದ. ಒಳಗೆ ಖಾಲಿ ಪಂಜರಗಳು, ಒಣಗಿದ ಹಿಕ್ಕೆ, ಸರಳಿಗೆ ಸಿಕ್ಕ ಪುಕ್ಕ. ಚಾವಣಿಯ ತಗಡಿನ ಪತ್ರಾದ ತೂತುಗಳಿಂದ ಬಿಸಿಲಿನ ಕೋಲುಗಳು ಇಳಿದಿದ್ದವು. ಸೀಮಾ ಸಾಲುಗಳ ನಡುವೆ ಕೊನೆಯ ತನಕ ನಡೆದು ಹೋಗಿ ನಿಂತಳು. ಅವಳ ತುಟಿ ಅಲುಗಿದ್ದು ಕಂಡಿತು. ಆಮೇಲೆ ದನಿಯೂ ಬಂತು, ಸಣ್ಣಗೆ.

"ಏನ್ರಿ ಬಾಯಾರ. ಊಟಾ ಮಾಡ್ರಿ."

ಸಾವಿತ್ರೆವ್ವ ಬಾಗಿಲಲ್ಲಿ ನಿಂತಿದ್ದಳು. ಅವಳ ಪಕ್ಕದ ಸಾಲಿನಲ್ಲಿ, ಯಾರೂ ಇಲ್ಲದ ಕಡೆ, ತೊಟ್ಟಿಯ ತಗಡು ಟಣ್ ಎಂದಿತು. ಸ್ವಲ್ಪ ಮುಂದೆ ಇನ್ನೊಮ್ಮೆ. ಅದರ ಮುಂದೆ ಮತ್ತೊಮ್ಮೆ. ಕಾಳು ಸುರಿಯುವವನು ಡಬ್ಬಿಯನ್ನು ತೊಟ್ಟಿಗೆ ತಾಗಿಸುತ್ತ ಹೋದರೆ ಹೇಗೋ ಹಾಗೆ, ಬಾಗಿಲಿನಿಂದ ಸೀಮಾ ನಿಂತ ಕಡೆಗೆ. ಬಿಸಿಲು ಇಳಿದರೆ ತಗಡು ಸದ್ದು ಮಾಡುತ್ತದೆ. ಅದು ಅವಳಿಗೆ ಗೊತ್ತಿತ್ತು. ತನ್ನ ಮನೆಯ ಪತ್ರಾವೂ ಮಾಡುತ್ತದೆ.

ಸೀಮಾ ಹಿಂದಿರುಗಿ ಬಂದಳು. ಮುಖ ಬೆವೆತಿತ್ತು.

"ನಿಂಗೇನರ ಕೇಳಿಸ್ತನ ಕಾಕು?"

ಹೌದೆಂದರೆ ಈ ಹುಡುಗಿ ಮತ್ತೆ ಆ ಕಟ್ಟೆಯ ಮೇಲೆ ಕೂತು ಬಿಡುತ್ತಾಳೆ ಎಂದು ಸಾವಿತ್ರೆವ್ವನಿಗೆ ಅನಿಸಿತು. "ಇಲ್ಲವ್ವಾ," ಎಂದಳು.

ಸೀಮಾ ಅವಳ ಮುಖವನ್ನು ನೋಡಿದಳು, ಆಮೇಲೆ ಬೇರೆ ಕಡೆ ನೋಡಿದಳು.

"ನಂಗೂ ಇಲ್ಲ," ಎಂದಳು.

ಮುಂದಿನ ವಾರ ಶಿವರಾಜ ಚಿಕ್ಕೋಡಿಯಿಂದ ಬಂದು ಪಂಜರಗಳನ್ನು ಬಿಚ್ಚಿಸಿ ಹಳೇ ಕಬ್ಬಿಣದ ಮೋಡ್ಕಾಕ್ಕೆ ಕಳಿಸಿದ. ಶೆಡ್ಡಿಗೆ ಸುಣ್ಣ ಹೊಡೆಸಿದರು. ಸೀಮಾ ಕೆಲವು ಕೋಳಿಗಳನ್ನು ಬುಟ್ಟಿಯಲ್ಲಿ ಮನೆಗೆ ಒಯ್ದು ಹಿತ್ತಲಲ್ಲಿ ಬಿಟ್ಟಳು. ಅವಕ್ಕೆ ದಿನವೂ ಬೆಳಿಗ್ಗೆಯೇ ಕಾಳು ಹಾಕುತ್ತಾಳೆ. ಹೊತ್ತು ಇಳಿಯುವಾಗ ಹಾಕುವುದಿಲ್ಲ. ಧರೆಪ್ಪ ಈಗ ಹೊರಸನ್ನು ಹಿತ್ತಲಿಗೆ ತರಿಸಿಕೊಂಡು, ಅವು ಕೆದರುವುದನ್ನು ನೋಡುತ್ತ ಮಲಗಿರುತ್ತಾನೆ. ಸಾವಿತ್ರೆವ್ವ ಆಡುಗಳನ್ನು ಶೆಡ್ಡಿನ ಬದಿ ಬಿಟ್ಟು ಬಳಸುದಾರಿಯಿಂದ ಹೊಡೆದುಕೊಂಡು ಹೋಗುತ್ತಾಳೆ. ಆ ಕಡೆ ಮೇವು ಚೆನ್ನಾಗಿದೆ ಎಂದು ಕೇಳಿದವರಿಗೆ ಹೇಳುತ್ತಾಳೆ.